ಹಡಗಿಗೆ ದುಡ್ಡು, ಕೋಣೆಗೆ ಪಾಯಿಂಟ್

ಪುಟ್ಟೀ,

ಬರುವ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಾಗ ಅವರನ್ನು ಕ್ರೂಸ್‌ಗೆ ಕರೆದುಕೊಂಡು ಹೋಗಬೇಕು, ಟೈಮ್‌ಶೇರ್ ಪಾಯಿಂಟ್ ಹೇಗೂ ಖಾತೆಯಲ್ಲಿ ಕೂತಿದೆ, ಅದನ್ನೇ ಹಾಕಿ ಬುಕ್ ಮಾಡಿಬಿಡೋಣವಾ ದೊಡ್ಡಮ್ಮ ಎಂದು ಕೇಳಿದ್ದೀಯ. ಖಂಡಿತ ಕರೆದುಕೊಂಡು ಹೋಗು. ನಿಮ್ಮಪ್ಪ ಜೀವಮಾನವಿಡೀ ಶಿವಮೊಗ್ಗ ಬಿಟ್ಟು ದೂರ ಹೋದವರಲ್ಲ. ನಿಮ್ಮಮ್ಮ ಸಮುದ್ರ ಅಂತ ನೋಡಿದ್ದು ಮುರುಡೇಶ್ವರದ ದಡದಲ್ಲಿ ನಿಂತು. ಅವರಿಬ್ಬರನ್ನೂ ಹಡಗು ಹತ್ತಿಸಬೇಕು ಅನ್ನುವ ನಿನ್ನ ಆಸೆ ನನಗೆ ತುಂಬಾ ಇಷ್ಟವಾಯಿತು. ಆದರೆ ಪಾಯಿಂಟ್ ಮುಟ್ಟಬೇಡ. ಹಡಗಿಗೆ ದುಡ್ಡು ಕೊಡು, ಪಾಯಿಂಟನ್ನು ಟೈಮ್‌ಶೇರ್ ಕ್ಲಬ್ಬಿನ ಕೋಣೆಗೇ ಇಟ್ಟುಕೋ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಅಳಿಯಂದಿರಿಗೂ ಓದಿ ಹೇಳು. ನಾನು ಇಷ್ಟು ವರ್ಷ ಒರ್ಲ್ಯಾಂಡೊದಲ್ಲಿ ಜನರ ತೆರಿಗೆ ಲೆಕ್ಕ ಬರೆದವಳು. ಈ ಊರಿನಲ್ಲಿ ಲೆಕ್ಕದ ಕಾಗದ ಹಿಡಿದು ಬರುವವರಲ್ಲಿ ಟೈಮ್‌ಶೇರ್ ಇಲ್ಲದವರು ಅಪರೂಪ. ನಮ್ಮ ಕನ್ನಡ ಸಂಘದಲ್ಲೂ ಅಷ್ಟೆ.

"ಪಾಯಿಂಟ್ ಹೇಗೂ ಇದೆಯಲ್ಲ" ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕು. ಆ ಪಾಯಿಂಟ್ ಸುಮ್ಮನೆ ಬಂದದ್ದಲ್ಲ. ಎರಡು ಸಲ ದುಡ್ಡು ಕೊಟ್ಟಿದ್ದೀರಿ: ಕೊಳ್ಳುವಾಗ ಒಂದು ಸಲ, ಆಮೇಲೆ ವರ್ಷ ವರ್ಷವೂ ಮೇಂಟೆನೆನ್ಸ್ ಅಂತ ಇನ್ನೊಂದು ಸಲ. ವಿಮಾನದ ಮೈಲುಗಳನ್ನು ಕ್ರೆಡಿಟ್ ಕಾರ್ಡಿನವರು ಕೊಡುತ್ತಾರಲ್ಲ, ಅದರ ಹೆಸರೂ ಪಾಯಿಂಟು, ಇದರ ಹೆಸರೂ ಪಾಯಿಂಟು. ಹಾಗಾಗಿ ಜನ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಕಾರ್ಡಿನ ಪಾಯಿಂಟು ಖರ್ಚಿನ ಹಿಂದೆ ಬಂದದ್ದು. ಕ್ಲಬ್ಬಿನ ಪಾಯಿಂಟಿಗೆ ನೀವು ಸಾಲ ಮಾಡಿ ಕಂತು ಕಟ್ಟಿದ್ದೀರಿ.

ನಿಮ್ಮದು ಡಿಸ್ನಿ ವೆಕೇಶನ್ ಕ್ಲಬ್, ಸಾರಟೋಗಾ ಸ್ಪ್ರಿಂಗ್ಸ್ ರೆಸಾರ್ಟಿನದು. ಅದರ ಒಪ್ಪಂದ ಮುಗಿಯುವುದು 2054ಕ್ಕೆ. ಲೆಕ್ಕ ಸಲೀಸಾಗಲಿ ಅಂತ ದುಂಡು ಸಂಖ್ಯೆ ಹಿಡಿಯುತ್ತೇನೆ, ನಿಮ್ಮ ಕಾಗದದಲ್ಲಿರುವ ನಿಜವಾದ ಅಂಕಿಗಳನ್ನು ಆಮೇಲೆ ನೀನೇ ಕೂರಿಸಿಕೋ. 2024ರಲ್ಲಿ 160 ಪಾಯಿಂಟ್, ಪಾಯಿಂಟಿಗೆ 200 ಡಾಲರಿನಂತೆ ಕೊಂಡಿರಿ ಅಂತಿಟ್ಟುಕೋ. 32,000 ಡಾಲರ್ ಆಯಿತು. ಮೂವತ್ತು ವರ್ಷಕ್ಕೆ ಒಟ್ಟು 4,800 ಪಾಯಿಂಟ್ ಬರುತ್ತದೆ. ಭಾಗಿಸಿದರೆ ಪಾಯಿಂಟೊಂದಕ್ಕೆ ಬಂಡವಾಳವೇ 6 ಡಾಲರ್ 67 ಸೆಂಟ್. ಮೇಲೆ ವರ್ಷದ ಮೇಂಟೆನೆನ್ಸ್ ಪಾಯಿಂಟಿಗೆ 8 ಡಾಲರ್ ಸೇರಿಸು. 14 ಡಾಲರ್ 67 ಸೆಂಟ್. ಸಾಲದ ಬಡ್ಡಿಯನ್ನು ನಾನು ಸೇರಿಸಿಯೇ ಇಲ್ಲ. ಆ 32,000 ಬ್ಯಾಂಕಿನಲ್ಲಿದ್ದಿದ್ದರೆ ಎಷ್ಟು ಬೆಳೆಯುತ್ತಿತ್ತು ಅನ್ನುವುದನ್ನೂ ಸೇರಿಸಿಲ್ಲ. ಮೇಂಟೆನೆನ್ಸ್ ವರ್ಷದಿಂದ ವರ್ಷಕ್ಕೆ ಏರುತ್ತದೆ, ಅದನ್ನೂ ಬಿಟ್ಟಿದ್ದೇನೆ. ಇಷ್ಟೆಲ್ಲ ಬಿಟ್ಟು ಹಿಡಿದರೂ ನಿನ್ನ ಒಂದು ಪಾಯಿಂಟ್ ನಿನಗೆ ಹದಿನಾಲ್ಕೂವರೆ ಡಾಲರಿನ ಮೇಲೆ ಬಿದ್ದಿದೆ.

ಈಗ ಹಡಗಿಗೆ ಬಾ. ಅಪ್ಪ ಅಮ್ಮನ ಕೋಣೆಯೊಂದಕ್ಕೆ, ನಾಲ್ಕು ರಾತ್ರಿಗೆ, ತೆರಿಗೆ ಬಿಟ್ಟು 3,200 ಡಾಲರ್ ಇದೆ ಅನ್ನೋಣ. ಅದೇ ಕೋಣೆಗೆ ಕ್ಲಬ್ಬು 320 ಪಾಯಿಂಟ್ ಕೇಳುತ್ತದೆ ಅನ್ನೋಣ. ಜೊತೆಗೆ ಇಂಥ ಬುಕಿಂಗ್‌ಗೆ ಕ್ಲಬ್ಬು ಬೇರೆ ಶುಲ್ಕ ಹಾಕುತ್ತದೆ. 95 ಡಾಲರ್ ತೆಗೆದುಕೊಳ್ಳುತ್ತಿದ್ದರು, ಬುಕಿಂಗ್ ರದ್ದಾದರೂ ಅದು ವಾಪಸು ಬರುವುದಿಲ್ಲ. ಶುಲ್ಕ ಕಳೆದರೆ ನಿನ್ನ ಒಂದು ಪಾಯಿಂಟಿಗೆ ಸಿಕ್ಕಿದ ಬೆಲೆ 9 ಡಾಲರ್ 70 ಸೆಂಟ್. ಹದಿನಾಲ್ಕೂವರೆಗೆ ಕೊಂಡದ್ದನ್ನು ಹತ್ತಕ್ಕೂ ಕಡಿಮೆಗೆ ಕೊಟ್ಟಂತಾಯಿತು. 320 ಪಾಯಿಂಟಿನ ಲೆಕ್ಕದಲ್ಲಿ ಸುಮಾರು ಸಾವಿರದಾರುನೂರು ಡಾಲರ್ ನಷ್ಟ. ಬೆಂಗಳೂರಿಂದ ಒಬ್ಬರು ಬಂದುಹೋಗುವ ವಿಮಾನದ ಖರ್ಚು ಅದರಲ್ಲಿ ಏಳುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸು: ನಿಮಗೆ ವರ್ಷಕ್ಕೆ ಬರುವುದು 160. ಅಂದರೆ ಈ ನಾಲ್ಕು ರಾತ್ರಿಗೆ ಎರಡು ವರ್ಷದ ಪಾಯಿಂಟ್ ಹೋಯಿತು, ಅದೂ ಒಂದೇ ಕೋಣೆಗೆ. ನೀನು, ಅಳಿಯಂದಿರು, ಮಗು ಮಲಗುವ ಎರಡನೇ ಕೋಣೆಗೆ ಹೇಗೂ ಕೈಯಿಂದಲೇ ಕೊಡಬೇಕು.

ಅದೇ 320 ಪಾಯಿಂಟಿಗೆ ಕ್ಲಬ್ಬಿನ ಕೋಣೆಯಲ್ಲಿ ಏನು ಸಿಗುತ್ತದೆ ನೋಡು. ಸ್ಟುಡಿಯೋ ಒಂದಕ್ಕೆ ರಾತ್ರಿಗೆ 16 ಪಾಯಿಂಟ್ ಹಿಡಿದರೆ ಇಪ್ಪತ್ತು ರಾತ್ರಿ. ಹೊರಗಿನವರಿಗೆ ಆ ಕೋಣೆ ರಾತ್ರಿಗೆ 400 ಡಾಲರ್ ಅಂತಾದರೆ 8,000 ಡಾಲರಿನ ವಾಸ. "ಅಷ್ಟು ದುಡ್ಡು ಕೊಟ್ಟು ನಾವು ಅಲ್ಲಿ ಉಳಿಯುತ್ತಲೇ ಇರಲಿಲ್ಲ ದೊಡ್ಡಮ್ಮ" ಅನ್ನುತ್ತೀಯ, ಸರಿಯಾದ ಮಾತೇ. ಅರ್ಧಕ್ಕೆ ಇಳಿಸು. ನಿನ್ನ ಮಟ್ಟಿಗೆ ಅದರ ಬೆಲೆ 4,000 ಅನ್ನು. ಆಗಲೂ ಹಡಗಿನಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚೇ ಆಯಿತಲ್ಲ.

ಹೀಗೇಕೆ ಆಗುತ್ತದೆ? ಕ್ಲಬ್ಬಿನವರು ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಅದು ನಡೆಯುವ ಕ್ರಮವೇ ಹಾಗೆ. ಕ್ಲಬ್ಬಿನ ಕೈಯಲ್ಲಿರುವುದು ಕೋಣೆಗಳು. ಹಡಗು ಬೇರೆ ಕಂಪನಿಯದು, ಒಂದೇ ಮನೆತನದ ಕಂಪನಿಯಾದರೂ ಲೆಕ್ಕದ ಪುಸ್ತಕ ಬೇರೆ. ಹಡಗಿನವರಿಗೆ ನಿನ್ನ ಪಾಯಿಂಟ್ ಬೇಡ, ಡಾಲರ್ ಬೇಕು. ಹಾಗಾಗಿ ಕ್ಲಬ್ಬು ನಿನ್ನ ಪಾಯಿಂಟ್ ತೆಗೆದುಕೊಂಡು, ಅದಕ್ಕೆ ಸಮನಾದ ಕೋಣೆಯ ರಾತ್ರಿಗಳನ್ನು ಹೊರಗಿನ ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟು, ಬಂದ ದುಡ್ಡಿನಲ್ಲಿ ಹಡಗಿನ ಟಿಕೆಟ್ ಕೊಡಿಸುತ್ತದೆ. ಆ ಬಾಡಿಗೆಗೆ ಜಾಹೀರಾತು ಬೇಕು, ಏಜೆಂಟರ ಕಮಿಷನ್ ಬೇಕು, ಕೆಲವು ರಾತ್ರಿ ಖಾಲಿಯೂ ಬೀಳುತ್ತದೆ. ಅದೆಲ್ಲ ಕಳೆಯುವುದು ನಿನ್ನ ಪಾಯಿಂಟಿನ ಬೆಲೆಯಿಂದಲೇ. ತೀರ್ಥಹಳ್ಳಿ ಕಡೆ ನಿಮ್ಮಜ್ಜ ಅಡಿಕೆಯನ್ನು ಮಂಡಿಗೆ ಹಾಕಿದಾಗ ಕಮಿಷನ್ನು, ಹಮಾಲಿ, ತೂಕದ ಖರ್ಚು ಎಲ್ಲ ಕಳೆದು ಉಳಿದದ್ದು ಕೈಗೆ ಬರುತ್ತಿತ್ತು. ಮಂಡಿಯವರು ಕಳೆದದ್ದಕ್ಕೆಲ್ಲ ಪಟ್ಟಿ ಕೊಡುತ್ತಿದ್ದರು. ಇಲ್ಲಿ ಆ ಪಟ್ಟಿ ನಿನ್ನ ಕೈಗೆ ಬರುವುದಿಲ್ಲ, ಕೊನೆಯ ಸಂಖ್ಯೆ ಮಾತ್ರ ಬರುತ್ತದೆ.

ಟೈಮ್‌ಶೇರ್ ಹುಟ್ಟಿದ್ದೇ ಕೋಣೆಗೋಸ್ಕರ. 1960ರ ದಶಕದಲ್ಲಿ ಯುರೋಪಿನ ಆಲ್ಪ್ಸ್ ಕಡೆ, ರಜೆಯ ಮನೆಯನ್ನು ಒಬ್ಬರೇ ಕೊಳ್ಳಲಾಗದ ಜನ ಹಂಚಿಕೊಂಡು ಕೊಳ್ಳಲು ಶುರುಮಾಡಿದರು. ಪ್ರತಿವರ್ಷ ಅದೇ ಜಾಗಕ್ಕೆ ಹೋಗುವವರಿಗೆ ಅದು ಒಳ್ಳೆಯ ಏರ್ಪಾಟು. ಆಮೇಲೆ ಅದೇ ಜಾಗ ಬೇಸರವಾಯಿತು, ಬೇರೆ ಊರಿನವರ ವಾರದ ಜೊತೆ ನಮ್ಮ ವಾರ ಬದಲಾಯಿಸಿಕೊಳ್ಳೋಣ ಅಂತಾಯಿತು. ಅದಕ್ಕೇ 1974ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಡೆಹಾನ್ ದಂಪತಿ ಆರ್‌ಸಿಐ ಅನ್ನುವ ವಿನಿಮಯದ ಕಂಪನಿ ಶುರುಮಾಡಿದರು. ಒಂದು ಕೋಣೆಯೂ ತನ್ನದಲ್ಲದ, ಬರೀ ಅದಲುಬದಲು ಮಾಡಿಕೊಡುವ ಆ ಕಂಪನಿಯನ್ನು 1996ರಲ್ಲಿ ಕ್ರಿಸ್ಟಲ್ ಡೆಹಾನ್ ಮಾರಿದಾಗ ಬಂದದ್ದು 82 ಕೋಟಿ 50 ಲಕ್ಷ ಡಾಲರ್. ಆಕೆ ಜಾಣೆ, ಆಮೇಲೆ ಆ ದುಡ್ಡಿನಿಂದ ಬಡಮಕ್ಕಳಿಗಾಗಿ ಒಳ್ಳೆಯ ಕೆಲಸವನ್ನೂ ಮಾಡಿದರು. ನಾನು ಹೇಳುವುದಿಷ್ಟೆ, ಮಧ್ಯದಲ್ಲಿ ನಿಂತು ಬದಲಾಯಿಸಿಕೊಡುವುದಕ್ಕೆ ಅಷ್ಟು ಬೆಲೆ ಬಂದಿದ್ದರೆ, ಅದನ್ನು ಕಟ್ಟಿಕೊಟ್ಟವರು ಪ್ರತಿ ಬದಲಿಗೂ ಶುಲ್ಕ ತೆತ್ತ ನಮ್ಮಂಥ ಸದಸ್ಯರು. ನಿನ್ನ ಕೋಣೆಯಿಂದ ನೀನು ಎಷ್ಟು ದೂರ ಹೋಗುತ್ತೀಯೋ ಮಧ್ಯೆ ಅಷ್ಟು ಕೈಗಳು ಸೇರಿಕೊಳ್ಳುತ್ತವೆ. ಸ್ವಂತ ರೆಸಾರ್ಟ್ ಹತ್ತಿರ, ಅದೇ ಕ್ಲಬ್ಬಿನ ಇನ್ನೊಂದು ರೆಸಾರ್ಟ್ ಸ್ವಲ್ಪ ದೂರ, ಬೇರೆ ಕ್ಲಬ್ಬಿನದು ಇನ್ನೂ ದೂರ, ಹಡಗು ಎಲ್ಲಕ್ಕಿಂತ ದೂರ.

ನಿನ್ನ ಗೆಳತಿ ಮ್ಯಾರಿಯಟ್‌ನ ಟೈಮ್‌ಶೇರ್ ಕ್ಲಬ್ಬಿನಲ್ಲಿ ಇದ್ದಾಳೆ ಅಂದಿದ್ದೆ. ಅವರಲ್ಲಿ 2010ರಿಂದ ಪಾಯಿಂಟ್ ಪದ್ಧತಿ, ಕ್ರೂಸೂ ಕೊಡುತ್ತಾರೆ. ಹೆಸರು ಬೇರೆ, ಲೆಕ್ಕದ ದಾರಿ ಇದೇ. ಇನ್ನು ವಾರವನ್ನು ಜಮಾ ಮಾಡಿದರೆ ಕ್ರೂಸಿನಲ್ಲಿ ಇಷ್ಟು ನೂರು ಡಾಲರ್ ಬಿಡುತ್ತೇವೆ ಅನ್ನುವ ವಿನಿಮಯ ಕಂಪನಿಗಳ ಕೊಡುಗೆ ಬಂದರೆ, ಬಿಟ್ಟದ್ದು ಎಷ್ಟು ಅಂತ ನೋಡಬೇಡ. ಬಿಟ್ಟಮೇಲೆ ಉಳಿದ ಬೆಲೆ, ಹಡಗು ಕಂಪನಿಯ ಸ್ವಂತ ಬೆಲೆ, ಹೊರಗಿನ ಕ್ರೂಸ್ ಏಜೆಂಟರ ಬೆಲೆ, ಈ ಮೂರನ್ನೂ ಒಂದೇ ದಿನ, ಒಂದೇ ಹಡಗಿಗೆ, ಒಂದೇ ದರ್ಜೆಯ ಕೋಣೆಗೆ, ತೆರಿಗೆ ಸೇರಿಸಿ ಬರೆದುಕೋ. ಎಷ್ಟೋ ಸಲ ಬಿಟ್ಟಮೇಲಿನ ಬೆಲೆಯೂ ಅಂಗಡಿ ಬೆಲೆಯೂ ಒಂದೇ ಇರುತ್ತದೆ, ನಿನ್ನ ವಾರ ಮಾತ್ರ ಹೋಗಿರುತ್ತದೆ.

ನೀವು ಕ್ಲಬ್ಬಿನಿಂದ ನೇರ ಕೊಂಡಿದ್ದೀರೋ, ಹಳೆಯ ಸದಸ್ಯರಿಂದ ಕೊಂಡಿದ್ದೀರೋ ಅನ್ನುವುದನ್ನು ಒಮ್ಮೆ ನೋಡಿಕೋ. 2011ರ ಮಾರ್ಚ್ 21ರಿಂದ ಈಚೆಗೆ ಇನ್ನೊಬ್ಬ ಸದಸ್ಯರ ಕೈಯಿಂದ ಕೊಂಡ ಡಿಸ್ನಿ ಪಾಯಿಂಟುಗಳನ್ನು ಕ್ರೂಸಿಗೆ ಹಾಕಲು ಬರುವುದೇ ಇಲ್ಲ. ಕೈಬದಲಾದ ಪಾಯಿಂಟು ಅರ್ಧ ಬೆಲೆಗೂ ಸಿಗುವುದುಂಟು. ಅದನ್ನು ಕಂಡು ಬೇಸರವಾದವರಿಗೆ ಮಾರಾಟದ ಮೇಜಿನಲ್ಲಿ ಹೇಳುವ ಮಾತು ಒಂದೇ: "ನೇರ ಕೊಂಡರೆ ಕ್ರೂಸಿಗೂ ಹಾಕಬಹುದು." ಹಾಕಬಹುದು, ನಿಜ. ಹಾಕಿದರೆ ಎಷ್ಟು ಗಿಟ್ಟುತ್ತದೆ ಅನ್ನುವುದನ್ನು ಮೇಲೆ ನೋಡಿದೆಯಲ್ಲ. ಬಳಸಿದರೆ ನಷ್ಟವಾಗುವ ಒಂದು ಸೌಲಭ್ಯಕ್ಕಾಗಿ ಸಾವಿರಾರು ಡಾಲರ್ ಹೆಚ್ಚು ಕೊಡುವುದು ನನಗೆ ಸರಿಕಾಣುವುದಿಲ್ಲ.

ಹಾಗಾದರೆ ಖಾತೆಯಲ್ಲಿರುವ ಪಾಯಿಂಟನ್ನು ಏನು ಮಾಡುವುದು? ಈ ವರ್ಷ ರೆಸಾರ್ಟಿಗೆ ಹೋಗಲು ಆಗದಿದ್ದರೆ ಮುಂದಿನ ವರ್ಷಕ್ಕೆ ಬ್ಯಾಂಕ್ ಮಾಡು. ಡಿಸ್ನಿಯಲ್ಲಿ ನಿಮ್ಮ ಪಾಯಿಂಟ್ ವರ್ಷದ ಮೊದಲ ಎಂಟು ತಿಂಗಳೊಳಗೆ ಅದನ್ನು ಮಾಡಬೇಕು. ಒಂಬತ್ತನೇ ತಿಂಗಳಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಇವತ್ತೇ ಆ ದಿನಾಂಕ ನೋಡಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡು. ಇನ್ನೊಂದು ದಾರಿ, ಪಾಯಿಂಟನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡುವುದು: ನಿನ್ನ ಪಾಯಿಂಟಿನಲ್ಲಿ ಅವರ ಹೆಸರಿಗೆ ಕೋಣೆ ಮಾಡಿಸಿಕೊಟ್ಟು ದುಡ್ಡು ತೆಗೆದುಕೊಳ್ಳುವುದು. ಪಾಯಿಂಟಿಗೆ 16 ಡಾಲರ್ ಸಿಕ್ಕಿತು ಅಂತಿಟ್ಟುಕೋ. 320 ಪಾಯಿಂಟಿಗೆ 5,120. ಅದರಲ್ಲಿ ಹಡಗಿಗೆ 3,200 ಕಟ್ಟಿದರೂ ಕೈಯಲ್ಲಿ 1,920 ಉಳಿಯಿತು, ಎರಡನೇ ಕೋಣೆಯ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಬಂತು. ಆಗೊಮ್ಮೆ ಈಗೊಮ್ಮೆ ಕೊಟ್ಟರೆ ಸರಿ, ಅದನ್ನೇ ವ್ಯಾಪಾರ ಮಾಡಿಕೊಂಡರೆ ಕ್ಲಬ್ಬು ಒಪ್ಪುವುದಿಲ್ಲ. ಲಿಖಿತ ಕರಾರಿಲ್ಲದೆ ಕೊಡಬೇಡ. ಬಂದ ಬಾಡಿಗೆಯನ್ನು ಆ ವರ್ಷದ ತೆರಿಗೆ ಕಾಗದದಲ್ಲಿ ತೋರಿಸಲೇಬೇಕು. ಅದಕ್ಕೆ ತಗುಲಿದ ಮೇಂಟೆನೆನ್ಸ್‌ನಲ್ಲಿ ಎಷ್ಟು ಕಳೆಯಬಹುದು ಅಂತ ನಿಮ್ಮ ಲೆಕ್ಕದವರನ್ನು ಕೇಳು. ವೀಸಾದ ಮೇಲಿರುವವರು ಈ ಕಾಗದಗಳಲ್ಲಿ ಚೂರೂ ಅಸಡ್ಡೆ ಮಾಡಬಾರದು.

ಒಂದು ಸಂದರ್ಭದಲ್ಲಿ ಮಾತ್ರ ನಾನೇ ಪಾಯಿಂಟ್ ಹಾಕು ಅನ್ನುತ್ತೇನೆ. ಬ್ಯಾಂಕ್ ಮಾಡುವ ಗಡುವು ದಾಟಿದೆ, ಬೇಕಾದ ದಿನಕ್ಕೆ ಕೋಣೆ ಸಿಗುತ್ತಿಲ್ಲ, ಬಾಡಿಗೆಗೆ ಕೇಳುವವರಿಲ್ಲ, ಇನ್ನೆರಡು ಮೂರು ತಿಂಗಳಲ್ಲಿ ಪಾಯಿಂಟ್ ಸತ್ತುಹೋಗುತ್ತದೆ. ಆಗ ಅದರ ಬೆಲೆ ಸೊನ್ನೆ, ಕೊಂಡ ಬೆಲೆಯನ್ನು ನೆನೆದು ಕೂರುವುದರಲ್ಲಿ ಅರ್ಥವಿಲ್ಲ. ಸಾಯುವ ಪಾಯಿಂಟಿಗೆ ಒಂಬತ್ತು ಡಾಲರ್ ಬಂದರೂ ಬಂದದ್ದೇ. ಆದರೆ ಮುಂದಿನ ವರ್ಷದ ಪಾಯಿಂಟನ್ನು ಈ ವರ್ಷಕ್ಕೆ ಎಳೆದುಕೊಂಡು, ಅಂದರೆ ಬಾರೋ ಮಾಡಿ ಹಡಗಿಗೆ ಹಾಕುವುದನ್ನು ಯಾವತ್ತೂ ಮಾಡಬೇಡ. ಎಳೆದುಕೊಂಡದ್ದು ಮತ್ತೆ ಅದರ ವರ್ಷಕ್ಕೆ ಹಿಂದಿರುಗುವುದಿಲ್ಲ.

ದುಡ್ಡು ಕೊಟ್ಟರೆ ಸಿಗುವ ಅನುಕೂಲಗಳು ಇನ್ನೂ ಇವೆ. ಕೊನೆಯ ಕಂತು ಕಟ್ಟುವ ಮೊದಲು ಹಡಗಿನ ದರ ಇಳಿದರೆ, ಹಲವು ಬಗೆಯ ಟಿಕೆಟ್‌ಗಳಲ್ಲಿ ಆ ಇಳಿದ ದರ ಕೇಳಿ ಪಡೆಯಬಹುದು. ಏಜೆಂಟರು ತಮ್ಮ ಕಮಿಷನ್ನಿನಲ್ಲಿ ಒಂದಿಷ್ಟನ್ನು ಹಡಗಿನೊಳಗೆ ಖರ್ಚುಮಾಡಲು ಬಿಟ್ಟುಕೊಡುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ಕಂಪನಿಗಳು ಪೈಪೋಟಿಯಲ್ಲಿ ರಿಯಾಯಿತಿ ಕೊಡುತ್ತವೆ. ಪಾಯಿಂಟಿನಲ್ಲಿ ಮಾಡಿದರೆ ಇವು ಸಿಗುವುದು ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ ಹಡಗನ್ನು ಆರಿಸುವ ಸ್ವಾತಂತ್ರ್ಯ ನಿನ್ನದು. ನಮ್ಮ ಪೋರ್ಟ್ ಕೆನಾವೆರಲ್ ಒರ್ಲ್ಯಾಂಡೊದಿಂದ ಒಂದು ಗಂಟೆಯ ದಾರಿ. ಅಲ್ಲಿಂದ ಡಿಸ್ನಿ ಮಾತ್ರವಲ್ಲ, ರಾಯಲ್ ಕೆರಿಬಿಯನ್, ಕಾರ್ನಿವಲ್, ನಾರ್ವೀಜಿಯನ್, ಎಂಎಸ್‌ಸಿ ಹಡಗುಗಳೂ ಹೊರಡುತ್ತವೆ. ನಿನ್ನ ಮಗುವಿಗೆ ಮಿಕ್ಕಿ ಬೇಕು, ಸರಿ. ಅಪ್ಪನ ಮಂಡಿನೋವಿಗೆ ಲಿಫ್ಟಿನ ಹತ್ತಿರದ ಕೋಣೆ ಬೇಕು. ಅಮ್ಮನಿಗೆ ತೂಗಾಟ ಆಗದು, ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಬೇಕು. ಯಾವ ಹಡಗಿನಲ್ಲಿ, ಯಾವ ವಾರ ಇವೆಲ್ಲ ಕೂಡಿಬರುತ್ತದೋ ಅದನ್ನು ತೆಗೆದುಕೋ. ಪಾಯಿಂಟ್ ಎಲ್ಲಿ ನಡೆಯುತ್ತದೆ ಅಂತ ನೋಡಿ ಅವರನ್ನು ಅಲ್ಲಿಗೆ ಹೊಂದಿಸಬೇಡ.

ಊಟದ ಯೋಚನೆ ಬೇಡ. ಮೊದಲೇ ಬರೆದು ತಿಳಿಸಿದರೆ ದೊಡ್ಡ ಹಡಗುಗಳಲ್ಲಿ ಭಾರತದ ಸಸ್ಯಾಹಾರ ಮಾಡಿಕೊಡುತ್ತಾರೆ, ಅನ್ನ, ಬೇಳೆ, ಒಂದೆರಡು ಪಲ್ಯ ಸಿಗುತ್ತದೆ. ಅಮ್ಮ ಮಾತ್ರ ಚಟ್ನಿಪುಡಿ, ಅವಲಕ್ಕಿ, ಚಿಕ್ಕ ಕುಕ್ಕರ್ ಎಲ್ಲ ಕಟ್ಟಿಕೊಳ್ಳುತ್ತಾಳೆ, ನನಗೆ ಗೊತ್ತು. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿಗೆ ಬಿಡುವುದಿಲ್ಲ, ಮೊಹರು ಒಡೆಯದ ಅಂಗಡಿ ಪೊಟ್ಟಣವಾದರೆ ಬಿಡುತ್ತಾರೆ. ಕುಕ್ಕರ್, ಕಾಫಿಗೆ ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆ, ಬಿಸಿಯಾಗುವ ಯಾವುದನ್ನೂ ಒಳಗೆ ಬಿಡುವುದಿಲ್ಲ, ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಈಗಲೇ ಹೇಳಿಬಿಡು, ಆ ದಿನ ಸಾಲಿನಲ್ಲಿ ನಿಂತು ಚೀಲ ಬಿಚ್ಚಿಸಿಕೊಂಡು ಅವಳು ನೊಂದುಕೊಳ್ಳುವುದು ಬೇಡ.

ಪಾಯಿಂಟ್ ಹಾಕಿದರೆ ಎಲ್ಲ ಮುಗಿಯಿತು ಅಂದುಕೊಳ್ಳುವವರು ಮರೆಯುವ ಖರ್ಚು ಟಿಪ್ಪಿನದು. ಬಂದರಿನ ತೆರಿಗೆಯೂ ಬೇರೆ ಬರಬಹುದು, ಕೇಳಿಕೋ. ಟಿಪ್ಪು ತಲೆಗೆ ದಿನಕ್ಕೆ 15ರಿಂದ 20 ಡಾಲರ್, ಮಗುವಿಗೂ ಸೇರಿ. ನೀವು ಐದು ಜನ, ನಾಲ್ಕು ರಾತ್ರಿಗೆ ಮುನ್ನೂರರಿಂದ ನಾನೂರು. ಇದರಲ್ಲಿ ಒಂದು ಕಾಸೂ ಕಡಿಮೆ ಮಾಡಬೇಡ. ಕೆಲವರು ಕೌಂಟರಿಗೆ ಹೋಗಿ ಟಿಪ್ಪು ತೆಗೆಸಿಹಾಕುತ್ತಾರೆ, ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಹಡಗುಗಳಲ್ಲಿ ಹಾಸಿಗೆ ಹಾಸುವವರಲ್ಲಿ, ತಟ್ಟೆ ತರುವವರಲ್ಲಿ ನಮ್ಮ ಮಂಗಳೂರು, ಉಡುಪಿ ಕಡೆಯ ಹುಡುಗರೂ ಇರುತ್ತಾರೆ, ಗೋವಾದವರು ಇರುತ್ತಾರೆ, ಫಿಲಿಪೀನ್ಸ್‌ನವರು ಇರುತ್ತಾರೆ. ತಿಂಗಳುಗಟ್ಟಲೆ ಮನೆ ಬಿಟ್ಟು, ವಾರದ ರಜೆಯಿಲ್ಲದೆ ದುಡಿಯುತ್ತಾರೆ. ಅವರ ಸಂಪಾದನೆಯಲ್ಲಿ ದೊಡ್ಡ ಪಾಲು ಈ ಟಿಪ್ಪೇ. ಅಂಗಿಯ ಮೇಲಿನ ಹೆಸರಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ದೇಶವೂ ಇರುತ್ತದೆ. ಇಂಡಿಯಾ ಅಂತ ಕಂಡರೆ ಯಾವ ಊರು ಅಂತ ಕೇಳಲು ಅಪ್ಪನಿಗೆ ಹೇಳು. ಬಂಟ್ವಾಳವೋ ಕುಂದಾಪುರವೋ ಅಂದರೆ ಸಾಕು, ಆಮೇಲೆ ಅವರಿಬ್ಬರನ್ನೂ ಮಾತಿನಿಂದ ಎಬ್ಬಿಸುವುದು ಕಷ್ಟ.

ಇನ್ನು ವೀಸಾ. ದುಡ್ಡಿನ ನಷ್ಟ ತಡೆದುಕೊಳ್ಳಬಹುದು, ಇದರಲ್ಲಿ ಎಡವಿದರೆ ತಡೆಯಲಾಗದು. ಅಲಾಸ್ಕಾ ಕಡೆಯ ಕ್ರೂಸ್ ನೋಡುತ್ತಿದ್ದೀರಿ ಅಂದೆ. ಡಿಸ್ನಿಯ ಅಲಾಸ್ಕಾ ಹಡಗುಗಳು ಹೆಚ್ಚಾಗಿ ಹೊರಡುವುದೇ ಕೆನಡಾದ ವ್ಯಾಂಕೂವರಿನಿಂದ. ಸಿಯಾಟಲ್‌ನಿಂದ ಹೊರಡುವ ಬೇರೆ ಹಡಗುಗಳೂ ದಾರಿಯಲ್ಲಿ ವಿಕ್ಟೋರಿಯಾದಂಥ ಕೆನಡಾ ಬಂದರಿನಲ್ಲಿ ಒಂದಷ್ಟು ಹೊತ್ತು ನಿಲ್ಲುತ್ತವೆ. ಅದಕ್ಕೆ ಕಾರಣ 1886ರ ಒಂದು ಅಮೆರಿಕನ್ ಕಾಯ್ದೆ. ಹೊರದೇಶದ ಬಾವುಟ ಹಾರಿಸುವ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಜನರನ್ನು ಸಾಗಿಸುವಂತಿಲ್ಲ, ಮಧ್ಯೆ ಹೊರನಾಡನ್ನು ಮುಟ್ಟಲೇಬೇಕು. ಹಾಗಾಗಿ ಭಾರತದ ಪಾಸ್‌ಪೋರ್ಟಿನ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇಕು, ಅಮೆರಿಕದ ವೀಸಾ ಇದ್ದರೆ ಸಾಲದು. ನಿಮ್ಮಿಬ್ಬರಿಗೂ ಬೇಕು. ಗ್ರೀನ್ ಕಾರ್ಡ್ ಇರುವವರಿಗೆ ವೀಸಾ ಬೇಡ, ಪಾಸ್‌ಪೋರ್ಟು ಮತ್ತು ಕಾರ್ಡು ತೋರಿಸಿದರೆ ಸಾಕು, ಆದರೆ ನೀವಿನ್ನೂ ಅಲ್ಲಿಗೆ ತಲುಪಿಲ್ಲ.

ಬಹಾಮಾಸ್ ಆದರೆ ಇನ್ನೊಂದು ತೊಡಕು. ಅಳಿಯಂದಿರ ಪಾಸ್‌ಪೋರ್ಟಿನಲ್ಲಿರುವ ಎಚ್-1ಬಿ ಕೆಲಸದ ವೀಸಾದ ಸ್ಟಾಂಪಿನ ಅವಧಿ ನೋಡು. ಸ್ಟಾಂಪ್ ಮುಗಿದಿದ್ದರೂ, ದೇಶದಲ್ಲಿ ಎಲ್ಲಿಯವರೆಗೆ ಇರಬಹುದು ಅಂತ ಹೇಳುವ ಐ-94 ದಾಖಲೆ ಚಾಲ್ತಿಯಲ್ಲಿದ್ದರೆ ಕೆನಡಾ, ಮೆಕ್ಸಿಕೊಗೆ ಮೂವತ್ತು ದಿನದೊಳಗೆ ಹೋಗಿಬರಲು ಒಂದು ನಿಯಮ ಅವಕಾಶ ಕೊಡುತ್ತದೆ. ಅದನ್ನು ಅರ್ಧ ಕೇಳಿಸಿಕೊಂಡವರು ಕ್ರೂಸಿಗೂ ಅನ್ವಯಿಸುತ್ತದೆ ಅಂದುಕೊಳ್ಳುತ್ತಾರೆ. ಎಚ್ ವೀಸಾದವರಿಗೆ ಆ ಅವಕಾಶ ಬಹಾಮಾಸ್‌ಗಾಗಲಿ ಕೆರಿಬಿಯನ್ ದ್ವೀಪಗಳಿಗಾಗಲಿ ಇಲ್ಲ. ಸ್ಟಾಂಪ್ ಮುಗಿದಿದ್ದರೆ ಬಂದರಿನಲ್ಲೇ ತಡೆಯುತ್ತಾರೆ, ಪಾಯಿಂಟೂ ಹೋಗುತ್ತದೆ, ಶುಲ್ಕವೂ ಹೋಗುತ್ತದೆ, ಮಗು ಅಳುತ್ತಾ ಮನೆಗೆ ಬರುತ್ತದೆ. ಅಪ್ಪ ಅಮ್ಮನ ವೀಸಾ ಮಲ್ಟಿಪಲ್ ಎಂಟ್ರಿಯೇ ಅಂತಲೂ ನೋಡು. ದ್ವೀಪಕ್ಕೆ ಹೋಗಿಬಂದರೆ ಅವರ ಆರು ತಿಂಗಳು ಹೊಸದಾಗಿ ಶುರುವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ, ಐ-94ರಲ್ಲಿರುವ ದಿನಾಂಕವನ್ನೇ ಹಿಡಿ. ಯಾವ ಬಂದರಿಗೆ ಯಾರಿಗೆ ಯಾವ ಕಾಗದ ಬೇಕು ಅಂತ ಹಡಗು ಕಂಪನಿಯಿಂದ ಬರಹದಲ್ಲಿ ತರಿಸಿಕೋ.

ವಿಮೆಯನ್ನೂ ಇದರ ಜೊತೆಯಲ್ಲೇ ಯೋಚಿಸಬೇಕು. ದುಡ್ಡು ಕೊಟ್ಟು ಮಾಡಿದ ಬುಕಿಂಗ್ ಕಾಯಿಲೆಯಿಂದ ರದ್ದಾದರೆ ಪ್ರವಾಸ ವಿಮೆ ಆ ದುಡ್ಡನ್ನು ಕೊಡುತ್ತದೆ. ಹೋದ ಪಾಯಿಂಟಿಗೆ ಹೆಚ್ಚಿನ ವಿಮೆಗಳು ಬೆಲೆ ಕಟ್ಟಿಕೊಡುವುದಿಲ್ಲ. ಎಪ್ಪತ್ತು ಹತ್ತಿರವಾದ ಅಪ್ಪನನ್ನು ಅಷ್ಟು ದೂರದಿಂದ ಕರೆಸುವಾಗ ರದ್ದಾಗುವ ಸಾಧ್ಯತೆಯನ್ನು ನೋಡಿಕೊಂಡೇ ಮುಂದಡಿ ಇಡಬೇಕು. ಹಡಗಿನ ವೈದ್ಯರ ಬಿಲ್ಲು ಕೋಣೆಯ ಖಾತೆಗೇ ಬೀಳುತ್ತದೆ. ಅಮೆರಿಕಕ್ಕೆ ಬಂದವರಿಗೆಂದು ಮಾಡಿಸಿದ ವಿಮೆ ನಡುಸಮುದ್ರದಲ್ಲಿ ನಡೆಯುತ್ತದೆಯೇ, ಹಡಗಿನಿಂದ ಆಸ್ಪತ್ರೆಗೆ ಹಾರಿಸಿಕೊಂಡು ಹೋಗಬೇಕಾದರೆ ಎಷ್ಟರವರೆಗೆ ಕೊಡುತ್ತಾರೆ, ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗೆ ಏನು ಹೇಳುತ್ತಾರೆ, ಈ ಮೂರು ಪ್ರಶ್ನೆ ಕೇಳದೆ ವಿಮೆ ಕೊಳ್ಳಬೇಡ.

ಹಡಗು ಹತ್ತಿದ ಮೇಲೂ ಎಚ್ಚರವಾಗಿರು. ಡಿಸ್ನಿಯ ಹಡಗಿನಲ್ಲೂ ಕ್ಲಬ್ಬಿನವರ ಮೇಜು ಇರುತ್ತದೆ. ಸಮುದ್ರದ ಗಾಳಿ, ಮಗುವಿನ ನಗು, ಅಪ್ಪ ಅಮ್ಮನ ಸಂತೋಷ, ಎಲ್ಲ ಕೂಡಿದ ಹೊತ್ತಿನಲ್ಲಿ ನಗುಮುಖದ ಒಬ್ಬರು ಬಂದು, ಇನ್ನು ನೂರು ಪಾಯಿಂಟ್ ಸೇರಿಸಿದರೆ ಪ್ರತಿವರ್ಷ ಹೀಗೇ ಬರಬಹುದು ಅನ್ನುತ್ತಾರೆ. ಹಡಗಿಗೋಸ್ಕರ ಪಾಯಿಂಟ್ ಕೊಳ್ಳುವುದು ಎಲ್ಲಕ್ಕಿಂತ ದುಬಾರಿ ದಾರಿ. ಅಲ್ಲಿ ಏನಕ್ಕೂ ಸಹಿ ಹಾಕಬೇಡಿ. ನಿಮ್ಮ ಜೊತೆಯವರಲ್ಲಿ ಯಾರಾದರೂ ಫ್ಲಾರಿಡಾದ ಒಪ್ಪಂದಕ್ಕೆ ಸಹಿ ಹಾಕಿ ಬಂದಿದ್ದರೆ, ಈ ರಾಜ್ಯದ ಕಾಯ್ದೆಯಂತೆ ಹತ್ತು ದಿನದೊಳಗೆ ಕಾರಣ ಹೇಳದೆ ರದ್ದುಮಾಡಬಹುದು ಅಂತ ತಿಳಿಸು. ಕ್ಯಾಲಿಫೋರ್ನಿಯಾದಲ್ಲಿ ಏಳು ದಿನ, ನೆವಾಡಾದಲ್ಲಿ ಐದೇ ದಿನ. ಫೋನಿನಲ್ಲಿ ಹೇಳಿದರೆ ಸಾಲದು. ಒಪ್ಪಂದದಲ್ಲಿ ಕೊಟ್ಟಿರುವ ವಿಳಾಸಕ್ಕೆ ಕಾಗದ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು.

ಈ ವಾರ ನೀನು ಮಾಡಬೇಕಾದದ್ದು ಇಷ್ಟು. ಕ್ಲಬ್ಬಿಗೆ ಫೋನ್ ಮಾಡಿ ಬ್ಯಾಂಕ್ ಮಾಡುವ ಕೊನೆಯ ದಿನಾಂಕ ಕೇಳು. ಬೇಕಾದ ಹಡಗಿಗೆ ಎಷ್ಟು ಪಾಯಿಂಟ್, ಶುಲ್ಕ ಎಷ್ಟು, ತೆರಿಗೆ ಸೇರಿದೆಯೇ ಅಂತಲೂ ಕೇಳಿ ಬರೆದುಕೋ, ನನ್ನ ಮಾತನ್ನು ಕುರುಡಾಗಿ ನಂಬದೆ ನಿನ್ನ ಅಂಕಿಯಲ್ಲೇ ಭಾಗಿಸಿ ನೋಡು. ಬಂದ ಉತ್ತರ ನಿನ್ನ ಪಾಯಿಂಟಿಗೆ ಬಿದ್ದ ಬೆಲೆಗಿಂತ ಹೆಚ್ಚಿದ್ದರೆ ನನಗೆ ತಿಳಿಸು, ಸಂತೋಷದಿಂದ ಮಾತು ಬದಲಾಯಿಸುತ್ತೇನೆ. ಅಲಾಸ್ಕಾ ಅಂತಲೇ ತೀರ್ಮಾನವಾದರೆ ಕೆನಡಾ ವೀಸಾಕ್ಕೆ ಅಪ್ಪ ಅಮ್ಮ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕಾಗುತ್ತದೆ. ಅಮ್ಮನ ಬೆರಳಿನ ರೇಖೆ ಸವೆದು ಹೋದ ಸಲ ಆಧಾರ್‌ಗೇ ತೊಂದರೆಯಾಗಿತ್ತು, ಹಾಗಾಗಿ ಸಾಕಷ್ಟು ಮುಂಚೆಯೇ ದಿನ ಗೊತ್ತುಮಾಡು.

ನಿನ್ನ ದೊಡ್ಡಮ್ಮ